ಮನೆಗೊಬ್ಬ ಆಡಿಟರು

ಚೆನ್ನೈಯಲ್ಲಿ ಜುಲೈ ತಿಂಗಳು ಬಂತೆಂದರೆ ಎರಡು ಗದ್ದಲ. ಒಂದು, ತಮಿಳರ ಆಡಿ ಮಾಸ ಹುಟ್ಟಿತೆಂದು ತ್ಯಾಗರಾಯನಗರದ ರಂಗನಾಥನ್ ಬೀದಿಯಲ್ಲಿ ಸೀರೆ ಪಾತ್ರೆಗಳನ್ನು ಇಳಿಸಿದ ಬೆಲೆಗೆ ಮಾರುವ ಗದ್ದಲ. ಇನ್ನೊಂದು, ವರಮಾನ ತೆರಿಗೆಯ ತಃಖ್ತೆಯನ್ನು, ಎಂದರೆ ನಾವೆಲ್ಲ ರಿಟರ್ನು ಎನ್ನುವುದನ್ನು, ವಾಯಿದೆಯೊಳಗೆ ಸಲ್ಲಿಸಬೇಕಲ್ಲಾ ಎಂಬ ಗದ್ದಲ. ಮೊದಲನೆಯದಕ್ಕೆ ಹೊರಟಾಗ ನಮ್ಮವರು ತೋರಿಸುವ ಜಾಣತನವನ್ನು ನೋಡಬೇಕು. ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಬಣ್ಣ ಬಿಟ್ಟರೆ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಹೊರಟಾಗ ಈ ಜಾಣತನವೆಲ್ಲ ಎಲ್ಲಿ ಹೋಗುತ್ತದೆಯೋ ತಿಳಿಯದು. ಪಕ್ಕದ ಮೇಜಿನವರು ಯಾರ ಹತ್ತಿರ ಹೋದರೋ ಅವರ ಹತ್ತಿರವೇ ಹೋಗಿ, ಪಾನ್ ಸಂಖ್ಯೆ, ಬ್ಯಾಂಕಿನ ಖಾತೆ, ಗುಪ್ತಪದ ಎಲ್ಲವನ್ನೂ ಒಪ್ಪಿಸಿ, “ನೋಡಿ ಮಾಡಿ ಸಾರ್” ಎಂದು ಹೇಳಿ ಎದ್ದು ಬರುತ್ತೇವೆ.

ನಾವು ಸರಕಾರಿ ಕಛೇರಿಯ ಗುಮಾಸ್ತರು. ತೆರಿಗೆಯ ಪಂಡಿತರಲ್ಲ. ಆದರೆ ಸಂಬಳದ ಕಾಗದಗಳ ನಡುವೆ ಹತ್ತು ಹನ್ನೆರಡು ವರ್ಷ ಕುಳಿತವರಿಗೆ ಯಾರ ಕೈಯಲ್ಲಿ ಯಾರ ಲೆಕ್ಕ ಕೆಟ್ಟಿತು, ಯಾರ ಕೈಯಲ್ಲಿ ಸರಿಯಾಯಿತು ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನಮ್ಮ ಸಂಘದ ಕುಟುಂಬಗಳಿಗೆ ಅದರಿಂದ ಏನಾದರೂ ಉಪಯೋಗವಾದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಈ ಊರಿನಲ್ಲಿ ಲೆಕ್ಕ ನೋಡುವವರೆಲ್ಲರೂ ‘ಆಡಿಟರ್’. ಡಾಕ್ಟರ್, ವಕೀಲ್ ಎಂಬಂತೆ ಅದನ್ನು ಹೆಸರಿನ ಹಿಂದೆ ಬಿರುದಾಗಿ ಸೇರಿಸಿಯೇ ಕರೆಯುವುದು. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಶಾನುಭೋಗರಿಗೆ ಸಲ್ಲುತ್ತಿದ್ದ ಮರ್ಯಾದೆ ಇದು. ಇದ್ದಲು ಬಳಿದ ಬಟ್ಟೆಯ ಕಡತವನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ, ಬಳಪದಿಂದ ಬರೆದ ಬಾಕಿಯನ್ನು ಶಾನುಭೋಗರು ಓದಿದರೆಂದರೆ ಅದಕ್ಕೆ ಎದುರಿಲ್ಲ. ಆದರೆ ಶಾನುಭೋಗರು ಯಾರು ಎಂಬುದರಲ್ಲಿ ಊರಿಗೆ ಸಂಶಯವಿರಲಿಲ್ಲ. ಆಡಿಟರು ಯಾರು ಎಂಬುದರಲ್ಲಿ ಸಂಶಯಕ್ಕೆ ಬೇಕಾದಷ್ಟು ಅವಕಾಶವಿದೆ. ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಗಣಕಯಂತ್ರವಿಟ್ಟುಕೊಂಡು ಜುಲೈ ತಿಂಗಳಲ್ಲಿ ಮಾತ್ರ ತೆರೆದಿರುವ ಯುವಕನೂ ಆಡಿಟರೇ. ನಾಲ್ಕೈದು ವರ್ಷ ಓದಿ, ಹಿರಿಯರೊಬ್ಬರ ಕೈಕೆಳಗೆ ದುಡಿದು, ಕಠಿಣವಾದ ಪರೀಕ್ಷೆ ಗೆದ್ದು ಬಂದವರೂ ಆಡಿಟರೇ.

ಕಾಯಿದೆಯ ಕಣ್ಣಿಗೆ ಇವರಿಬ್ಬರೂ ಒಂದಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯ ಪ್ರಕಾರ ಆ ವರ್ಷದ ಜುಲೈ 1ರಂದು ಅವರ ಸಂಸ್ಥೆ ಹುಟ್ಟಿತು. ಅದರ ಸದಸ್ಯರಲ್ಲದವರು ‘ಚಾರ್ಟರ್ಡ್ ಅಕೌಂಟೆಂಟ್’ ಎಂದು ಹಲಗೆ ಹಾಕಿಕೊಳ್ಳುವಂತಿಲ್ಲ. ದಕ್ಷಿಣ ಪ್ರಾಂತದ ಅವರ ಕಛೇರಿ ನಮ್ಮ ನುಂಗಂಬಾಕ್ಕಂನಲ್ಲೇ ಇದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ 121ನೆಯ ನಂಬರಿನ ಆಯಕರ ಭವನ ತೆರಿಗೆ ಕೇಳುವವರದು. 122ನೆಯದು ತೆರಿಗೆಯ ಲೆಕ್ಕ ಬರೆಯುವವರದು. ಇಷ್ಟು ಅನುಕೂಲವಾದ ನೆರೆಹೊರೆ ಬೇರೆ ಯಾವ ಊರಿನಲ್ಲಿದೆಯೋ! ಈ ವೃತ್ತಿಯ ಚರಿತ್ರೆಯಲ್ಲಿ ಮದರಾಸಿಗೆ ಇನ್ನೊಂದು ಹೆಮ್ಮೆಯೂ ಉಂಟು. ಭಾರತದಲ್ಲಿ ಮೊಟ್ಟಮೊದಲು ಲೆಕ್ಕಪರಿಶೋಧಕಿಯಾದ ಆರ್. ಶಿವಭೋಗಂ ಅವರು ಈ ಊರಿನವರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು ಬಂದ ಮೇಲೆ 1933ರಲ್ಲಿ ಪರೀಕ್ಷೆ ಗೆದ್ದವರು.

ಇನ್ನು, ಆಡಿಟರು ನಮಗೆ ಬೇಕೇ ಬೇಕೆ? ಎಲ್ಲರಿಗೂ ಬೇಡ. ಒಂದೇ ಸಂಬಳ, ಬ್ಯಾಂಕಿನ ಅಲ್ಪಸ್ವಲ್ಪ ಬಡ್ಡಿ, ವಾಸಕ್ಕೊಂದು ಮನೆ, ಇಷ್ಟೇ ಇರುವವರಿಗೆ ‘ಸಹಜ್’ ಎಂಬ ಸುಲಭ ನಮೂನೆ ಇದೆ. ಕಛೇರಿಯವರು ಕೊಡುವ, ನಾವೆಲ್ಲ ಫಾರಂ 16 ಎಂದು ಕರೆದು ರೂಢಿಯಾಗಿರುವ, ಸಂಬಳ ಮತ್ತು ಕಡಿತದ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಭಾನುವಾರ ಮಧ್ಯಾಹ್ನ ಕುಳಿತರೆ ಮುಗಿಯುವ ಕೆಲಸ. ಅದಕ್ಕೆ ಸಾವಿರಾರು ರೂಪಾಯಿ ತೆರುವುದು, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಆದರೆ ಈ ಊರಿನಲ್ಲಿರುವ ಕನ್ನಡ ಕುಟುಂಬಗಳ ಲೆಕ್ಕ ಅಷ್ಟು ಸಹಜವಾಗಿ ಇರುವುದು ಅಪರೂಪ. ಒಂದು ಕಾಲು ಇಲ್ಲಿ, ಒಂದು ಕಾಲು ಊರಿನಲ್ಲಿ. ಸಂಬಳ ಚೆನ್ನೈಯಲ್ಲಿ, ಅಣ್ಣತಮ್ಮಂದಿರೊಡನೆ ಪಾಲಾಗದ ಅಡಿಕೆ ತೋಟ ತೀರ್ಥಹಳ್ಳಿಯ ಕಡೆ, ಬಾಡಿಗೆಗೆ ಕೊಟ್ಟ ಮನೆ ಮೈಸೂರಿನಲ್ಲಿ, ತಂದೆಯವರು ತೀರಿಕೊಂಡ ಮೇಲೆ ತಾಯಿಗೆ ಬರುವ ಕುಟುಂಬ ಪಿಂಚಣಿ ಮಂಗಳೂರಿನ ಬ್ಯಾಂಕಿನಲ್ಲಿ. ಇದರಲ್ಲಿ ಒಂದೊಂದಕ್ಕೂ ಒಂದೊಂದು ಸೂಕ್ಷ್ಮವಿದೆ. ಬೇಸಾಯದ ವರಮಾನಕ್ಕೆ ಕೇಂದ್ರದ ತೆರಿಗೆಯಿಲ್ಲವೆಂಬುದು ನಿಜ. ಆದರೆ ಅದು ವರ್ಷಕ್ಕೆ 5,000 ರೂಪಾಯಿ ಮೀರಿತೆಂದರೆ ‘ಸಹಜ್’ ನಮೂನೆ ನಡೆಯುವುದಿಲ್ಲ. ಉಳಿದ ವರಮಾನಕ್ಕೆ ಯಾವ ದರ ಎಂದು ನಿಶ್ಚಯಿಸುವಾಗ ಅದನ್ನೂ ಕೂಡಿಸಿ ನೋಡುತ್ತಾರೆ. ತಾಯಿಯ ಕುಟುಂಬ ಪಿಂಚಣಿ ಸಂಬಳದ ಬಾಬಿಗೆ ಸೇರದೆ ಇತರ ವರಮಾನದ ಬಾಬಿಗೆ ಸೇರುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು ಅಥವಾ ಒಂದು ಗೊತ್ತಾದ ಮೊತ್ತ, ಯಾವುದು ಕಡಮೆಯೋ ಅಷ್ಟಕ್ಕೆ ವಿನಾಯಿತಿ. ಆ ಮೊತ್ತ ಹಳೆಯ ಪದ್ಧತಿಯಲ್ಲಿ 15,000. ಹೊಸ ಪದ್ಧತಿಯಲ್ಲಿ 2024-25ನೆಯ ಸಾಲಿನಿಂದ 25,000. ಇದನ್ನು ಸಂಬಳವೆಂದೇ ತಿಳಿದು ತುಂಬಿದ ತಃಖ್ತೆಗಳನ್ನು ನಾವು ಕಂಡಿದ್ದೇವೆ. ಬಾಡಿಗೆ ಭತ್ಯದ ವಿಚಾರದಲ್ಲಿ 1962ರ ನಿಯಮಗಳು ಮದರಾಸು, ಮುಂಬಯಿ, ಕಲ್ಕತ್ತ, ದೆಹಲಿ ಈ ನಾಲ್ಕು ನಗರಗಳಿಗೆ ಮಾತ್ರ ಸಂಬಳದ ಶೇಕಡಾ 50ರ ಮಿತಿಯಿಟ್ಟು, ಮಿಕ್ಕ ಊರುಗಳಿಗೆ 40ರ ಮಿತಿಯಿಟ್ಟಿದ್ದವು. ಬೆಂಗಳೂರಿನಿಂದ ಇಲ್ಲಿಗೆ ವರ್ಗವಾಗಿ ಬಂದವರ ಹಳೆಯ ಲೆಕ್ಕದಲ್ಲಿ ಆರು ತಿಂಗಳು ಹಾಗೆ, ಆರು ತಿಂಗಳು ಹೀಗೆ.

ಇಂಥ ಲೆಕ್ಕವುಳ್ಳವರು, ಷೇರು ಅಥವಾ ನಿವೇಶನ ಮಾರಿದವರು, ವಿದೇಶದಲ್ಲಿ ದುಡಿದು ಹಿಂದಿರುಗಿದವರು, ಹೋಟೆಲು ಅಂಗಡಿ ನಡೆಸುವವರು ಇವರಿಗೆ ಬಲ್ಲವರ ನೆರವು ಬೇಕು. ವ್ಯಾಪಾರದವರಿಗೆ ಲೆಕ್ಕಪರಿಶೋಧನೆ ಕಡ್ಡಾಯವಾಗಿ ಬೀಳಬಹುದು. ಅದಕ್ಕೆ ಸನ್ನದು ಪಡೆದವರೇ ಆಗಬೇಕು. ಅವರ ಮಾತು ಬೇರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಹಿರಿಯರಿಗೆ ಮಾತ್ರ ಒಂದು ಮಾತು. ಎಪ್ಪತ್ತೈದು ತುಂಬಿ, ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೇನೂ ಇಲ್ಲದವರು ಗೊತ್ತುಪಡಿಸಿದ ಬ್ಯಾಂಕಿಗೆ ಒಂದು ಘೋಷಣೆ ಬರೆದುಕೊಟ್ಟರೆ ಬ್ಯಾಂಕಿನವರೇ ತೆರಿಗೆ ಮುರಿದುಕೊಳ್ಳುತ್ತಾರೆ, ತಃಖ್ತೆಯೇ ಬೇಡ. 2021ರಲ್ಲಿ ಬಂದ ಈ ಸೌಕರ್ಯ ಗೊತ್ತಿಲ್ಲದೆ ಮುದುಕರನ್ನು ಆಟೋದಲ್ಲಿ ಕೂರಿಸಿಕೊಂಡು ಆಡಿಟರ ಮಹಡಿ ಹತ್ತಿಸುವ ಮಕ್ಕಳಿದ್ದಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇವೆ. 2025ರ ಜುಲೈ 14ರಂದು ವರಮಾನ ತೆರಿಗೆ ಇಲಾಖೆಯವರು ದೇಶದಾದ್ಯಂತ 150 ಕಡೆ ಒಟ್ಟಿಗೆ ತಪಾಸಣೆಗೆ ಇಳಿದರು. ಅವರು ಹುಡುಕಿ ಹೊರಟದ್ದು ಕೋಟ್ಯಧೀಶರನ್ನಲ್ಲ. ನಮ್ಮ ನಿಮ್ಮಂಥ ಸಂಬಳಗಾರರಿಗೆ ರಿಟರ್ನು ತುಂಬಿಕೊಡುವ ಮಧ್ಯವರ್ತಿಗಳನ್ನು. ಸುಳ್ಳು ಬಾಡಿಗೆ, ಸುಳ್ಳು ವಿಮೆ, ಸುಳ್ಳು ಶಿಕ್ಷಣ ಸಾಲ, ರಾಜಕೀಯ ಪಕ್ಷಗಳಿಗೆ ಕೊಡದ ದೇಣಿಗೆ ಇವನ್ನೆಲ್ಲ ತೋರಿಸಿ ಮರುಪಾವತಿ ತೆಗೆಸಿಕೊಟ್ಟು, ಅದರಲ್ಲಿ ಕಮಿಷನ್ ಹೊಡೆಯುವ ಜಾಲ ಅದು. ಅತಿಯಾಗಿ ದುರುಪಯೋಗ ಕಂಡ ರಾಜ್ಯಗಳ ಪಟ್ಟಿಯಲ್ಲಿ ಇಲಾಖೆಯವರು ತಮಿಳುನಾಡಿನ ಹೆಸರನ್ನೂ ಹೇಳಿದರು. ಸಿಕ್ಕಿಬಿದ್ದವರಲ್ಲಿ ದೊಡ್ಡ ಕಂಪೆನಿಗಳ ನೌಕರರಲ್ಲದೆ ಸರಕಾರಿ ಸಂಸ್ಥೆಗಳವರು, ವಿದ್ಯಾಸಂಸ್ಥೆಗಳವರೂ ಇದ್ದರು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ತಃಖ್ತೆ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕೋರಿಕೆಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದರಂತೆ. ಇದು ಹೊಸ ರೋಗವೂ ಅಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಂಥದೇ ಒಂದು ಜಾಲ ಹೊರಬಿದ್ದು, ವಿಚಾರಣೆ ಸಿ.ಬಿ.ಐ.ವರೆಗೆ ಹೋಗಿ, ಆ ಏಪ್ರಿಲ್‌ನಲ್ಲಿ ಇಲಾಖೆಯವರು ಸಂಬಳಗಾರರಿಗೆಂದೇ ಒಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದ್ದರು. ಏಳು ವರ್ಷದಲ್ಲಿ ಅದು ಎಷ್ಟು ಜನರ ಕಿವಿಗೆ ಬಿತ್ತೆಂಬುದು ಮೇಲಿನ ಅಂಕಿಗಳಿಂದ ತಿಳಿಯುತ್ತದೆ.

ಈ ವ್ಯಾಪಾರ ನಡೆಯುವ ಬಗೆ ಬಹಳ ಸರಳ. ನಮ್ಮ ತೆರಿಗೆಯನ್ನು ಕಛೇರಿಯವರು ತಿಂಗಳು ತಿಂಗಳೂ ಮುರಿದು ಸರಕಾರಕ್ಕೆ ಕಟ್ಟಿರುತ್ತಾರೆ. ವರ್ಷದ ಕೊನೆಗೆ ಮಧ್ಯವರ್ತಿ ಬಂದು, ಒಂದು ಲಕ್ಷ ರೂಪಾಯಿ ದೇಣಿಗೆ ಕೊಟ್ಟಿರೆಂದು ಬರೆಯುತ್ತಾನೆ. ಹಳೆಯ ಪದ್ಧತಿಯಲ್ಲಿ ಶೇಕಡಾ 20ರ ದರದಲ್ಲಿರುವವರಿಗೆ, ಸೆಸ್ಸನ್ನು ಬಿಟ್ಟರೂ, 20,000 ರೂಪಾಯಿ ವಾಪಸು ಬರುತ್ತದೆ. ಅದರಲ್ಲಿ ಅವನದೊಂದು ಪಾಲು. ಕಛೇರಿಯಲ್ಲಿ ಸುದ್ದಿ ಹಬ್ಬುತ್ತದೆ: “ನಿಮ್ಮ ಆಡಿಟರು ಎಷ್ಟು ತಂದುಕೊಟ್ಟರು? ನಮ್ಮವರು ಇಷ್ಟು ತಂದರು!” ಮುಂದಿನ ವರ್ಷ ಇಡೀ ವಿಭಾಗ ಅವನ ಹಿಂದೆ. ಒಂದೆರಡು ವರ್ಷ ಕಳೆದ ಮೇಲೆ ದೇಣಿಗೆ ಪಡೆದವರ ಲೆಕ್ಕಕ್ಕೂ ಕೊಟ್ಟವರ ಲೆಕ್ಕಕ್ಕೂ ತಾಳೆ ನೋಡುವಾಗ ವಿಷಯ ಹೊರಬೀಳುತ್ತದೆ. ಆ 20,000ವನ್ನು ಬಡ್ಡಿ ಸಹಿತ ಕಟ್ಟಬೇಕು. ತಿಳಿದೂ ತಿಳಿದೂ ತಪ್ಪು ತೋರಿಸಿದ್ದಕ್ಕೆ ಆ ತೆರಿಗೆಯ ಇಮ್ಮಡಿ, ಎಂದರೆ 40,000, ಜುಲ್ಮಾನೆ ಬೀಳಬಹುದು. ಸರಕಾರಿ ನೌಕರನಾದರೆ ತನ್ನ ಇಲಾಖೆಗೂ ಉತ್ತರ ಹೇಳಬೇಕಾದೀತೆಂಬ ಭಯ ಬೇರೆ. ಜುಲ್ಮಾನೆಯ ಹುಕುಂ ಬರುವುದು ಮಧ್ಯವರ್ತಿಯ ಹೆಸರಿಗಲ್ಲ. ತಃಖ್ತೆಯ ಕೆಳಗೆ ಇದೆಲ್ಲ ನಿಜವೆಂದು ರುಜು ಮಾಡಿದವರು ನಾವು; ಈಗಿನ ಕಾಲದ ರುಜು ಎಂದರೆ ನಮ್ಮ ದೂರವಾಣಿಗೆ ಬಂದ ಆರು ಅಂಕಿಗಳನ್ನು ಅವನಿಗೆ ಓದಿ ಹೇಳಿದ್ದು.

ನಮ್ಮ ಕಛೇರಿಯ ಇನ್ನೊಂದು ವಿಭಾಗದ ಗೆಳೆಯರೊಬ್ಬರಿಗೆ ಇದೇ ಆಯಿತು. ಸಭ್ಯ ಗೃಹಸ್ಥರು, ಹತ್ತು ರೂಪಾಯಿ ಹೆಚ್ಚು ಬಂದರೆ ಬಸ್ಸಿನ ಕಂಡಕ್ಟರಿಗೆ ಹಿಂದಿರುಗಿಸುವವರು. ಯಾರೋ ತೋರಿಸಿದ ಒಬ್ಬ ‘ಆಡಿಟರ’ ಹತ್ತಿರ ಮೂರು ವರ್ಷ ಹೋದರು. ಪ್ರತಿ ವರ್ಷ ಹಣ ಬಂತು. ಏಕೆ ಬಂತೆಂದು ಅವರು ಕೇಳಲಿಲ್ಲ. ನಾಲ್ಕನೆಯ ವರ್ಷ ನ್ಯಾಯವಾಗಿ ಬರಬೇಕಾದ ಹಣವೇ ಬರಲಿಲ್ಲ. ವಿಚಾರಿಸಿದರೆ, ಹಳೆಯ ಬಾಕಿಗೆ ವಜಾ ಹಾಕಿಕೊಂಡಿದ್ದಾರೆ ಎಂದು ತಿಳಿಯಿತು. ಯಾವ ಹಳೆಯ ಬಾಕಿ? ನೋಟೀಸುಗಳು ಒಂದಲ್ಲ, ಮೂರು ಹೋಗಿದ್ದವು. ಹೋದದ್ದು ಇವರು ಕಣ್ಣಿನಿಂದ ಕಂಡರಿಯದ ಒಂದು ಇ-ಮೇಲ್ ವಿಳಾಸಕ್ಕೆ. ನೂರಾರು ಮಂದಿಯ ತಃಖ್ತೆಗಳಿಗಾಗಿಯೇ ತಾತ್ಕಾಲಿಕವಾಗಿ ಒಂದು ವಿಳಾಸ ಹುಟ್ಟಿಸಿ, ಕೆಲಸ ಮುಗಿದ ಮೇಲೆ ಅದನ್ನು ಕೈಬಿಡುವುದು ಈ ಜಾಲದವರ ಪದ್ಧತಿಯೆಂದು ಇಲಾಖೆಯವರೂ 2025ರಲ್ಲಿ ಹೇಳಿದರು. ಗೆಳೆಯರು ಆ ಅಂಗಡಿಗೆ ಹೋಗಿ ನೋಡಿದರೆ ಅಲ್ಲಿ ಕಬ್ಬಿನ ಹಾಲು ಮಾರುತ್ತಿದ್ದರು.

ಆ ಮೇಲೆ ಅವರನ್ನು ಪಶ್ಚಿಮ ಮಾಂಬಲದ ಒಬ್ಬ ಹಿರಿಯ ಮಹಿಳಾ ಆಡಿಟರ ಬಳಿಗೆ ಕರೆದುಕೊಂಡು ಹೋದದ್ದು ನಾವೇ. ಆಕೆ ಕಾಫಿ ತರಿಸಿ, ಕನ್ನಡಕ ಏರಿಸಿ, ಒಂದೂವರೆ ಗಂಟೆ ಕಾಗದಗಳನ್ನೇ ನೋಡಿದರು. ಗೆಳೆಯರು, “ಅಮ್ಮಾ, ಹೇಗಾದರೂ ಇದರಿಂದ ಪಾರು ಮಾಡಬೇಕು” ಎಂದರು.

“ಪಾರು ಮಾಡುತ್ತೇನೆಂದು ನಾನು ಹೇಳುವುದಿಲ್ಲ ಸಾರ್,” ಎಂದರು ಆಕೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. “ನೀವು ಈ ಪಕ್ಷಕ್ಕೆ ಹಣ ಕೊಟ್ಟಿದ್ದೀರಾ?”

“ಇಲ್ಲ.”

“ಹಾಗಾದರೆ ಇಲ್ಲ ಎಂದೇ ಬರೆಯೋಣ. ಎಷ್ಟು ಕಟ್ಟಬೇಕೆಂದು ಲೆಕ್ಕ ಹಾಕಿ ಕೊಡುತ್ತೇನೆ. ಮೊದಲು ನಿಮ್ಮ ಗುಪ್ತಪದ ಬದಲಾಯಿಸಿ. ನನಗೆ ಹೇಳಬೇಡಿ.”

ಗೆಳೆಯರು ಆ ಹಣವನ್ನು ಮಗಳ ಕಾಲೇಜಿಗೆಂದು ಇಟ್ಟ ಠೇವಣಿ ಮುರಿದು ಕಟ್ಟಿದರು. ನೋಟೀಸು ಹೊರಡುವ ಮುಂಚೆಯೇ ಗೊತ್ತಾಗಿದ್ದರೆ ಹೆಚ್ಚುವರಿ ತೆರಿಗೆ ತೆತ್ತು ತಃಖ್ತೆಯನ್ನು ತಾವೇ ತಿದ್ದಿಕೊಳ್ಳುವ ದಾರಿಯಿತ್ತು. 2022ರಲ್ಲಿ ಎರಡು ವರ್ಷದ ಮಟ್ಟಿಗೆ ತೆರೆದ ಆ ದಾರಿಯನ್ನು 2025ರಲ್ಲಿ ನಾಲ್ಕು ವರ್ಷಕ್ಕೆ ಹಿಗ್ಗಿಸಿದ್ದಾರೆ. ತಡವಾದಷ್ಟೂ ತೆರುವುದು ಹೆಚ್ಚು.

ಆ ಒಂದೂವರೆ ಗಂಟೆಯಲ್ಲಿ ಒಳ್ಳೆಯ ಆಡಿಟರನ್ನು ಗುರುತಿಸುವ ಬಗೆ ನಮಗೆ ಬಹುಮಟ್ಟಿಗೆ ತಿಳಿದುಹೋಯಿತು. ಒಳ್ಳೆಯವರು ಹೇಳುವುದಕ್ಕಿಂತ ಕೇಳುವುದು ಹೆಚ್ಚು. ಊರಿನಲ್ಲಿ ಏನಿದೆ, ಹೆಂಡತಿಯ ಹೆಸರಿನಲ್ಲಿ ಏನಿದೆ, ಹಳೆಯ ಖಾತೆ ಯಾವುದಾದರೂ ನಿದ್ದೆ ಮಾಡುತ್ತಿದೆಯೇ ಎಂದು ಅಗೆದು ಅಗೆದು ಕೇಳುತ್ತಾರೆ. 2021ರಿಂದ ಇಲಾಖೆಯವರು ನಮ್ಮ ಬಡ್ಡಿ, ಷೇರು, ಆಸ್ತಿಯ ವ್ಯವಹಾರಗಳನ್ನೆಲ್ಲ ಒಂದು ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕೂಡಿಸಿ ನಮಗೇ ತೋರಿಸುತ್ತಿದ್ದಾರೆ. ಅದನ್ನು ತೆರೆದು ಸಾಲು ಸಾಲಾಗಿ ತಾಳೆ ನೋಡದೆ ತಃಖ್ತೆ ತುಂಬುವವರನ್ನು ಬಿಟ್ಟು ಎದ್ದು ಬರುವುದು ಮೇಲು. “ನೀವೇನೂ ತರಬೇಡಿ, ಪಾನ್ ಒಂದು ಕೊಡಿ ಸಾಕು” ಎನ್ನುವವರನ್ನು ಕಂಡರೆ ನಮಗೆ ನಾಡಿ ಹಿಡಿಯದೆ ಔಷಧ ಬರೆಯುವ ವೈದ್ಯರ ನೆನಪಾಗುತ್ತದೆ.

ಸಂಭಾವನೆಯ ವಿಚಾರದಲ್ಲಿ ಸಂಕೋಚ ಪಡಬಾರದು. ಕೆಲಸಕ್ಕೆ ಇಷ್ಟು ಎಂದು ಮುಂಚೆಯೇ ಕೇಳಿಬಿಡಬೇಕು. ಬರುವ ಮರುಪಾವತಿಯಲ್ಲಿ ಶೇಕಡಾ ಇಷ್ಟು ಎಂದು ಯಾರಾದರೂ ಅಂದರೆ ಅಲ್ಲಿಗೆ ಮಾತು ಮುಗಿಸಬೇಕು. ಫಲ ಬಂದರೆ ಪಾಲು ಎಂಬ ಕರಾರಿನ ಮೇಲೆ ಇಂಥ ಕೆಲಸ ಹಿಡಿಯುವುದು ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯ ಪ್ರಕಾರ ವೃತ್ತಿದೋಷ. ಸನ್ನದು ಪಡೆದವರು ಹಾಗೆ ಕೇಳಿದರೆ ಅವರ ಸಂಸ್ಥೆಗೆ ದೂರು ಕೊಡಬಹುದು. ಸನ್ನದಿಲ್ಲದವರು ಕೇಳಿದರೆ ಯಾರಿಗೆ ಕೊಡುವುದು? ಹೀಗಾಗಿ ಸದಸ್ಯತ್ವದ ಸಂಖ್ಯೆ ಕೇಳುವುದು ಅವಮಾನವೆಂದು ತಿಳಿಯಬೇಕಾಗಿಲ್ಲ. ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಬಹುದು. ಸನ್ನದಿಲ್ಲದವರೆಲ್ಲ ಮೋಸಗಾರರು ಎನ್ನುವುದು ನಮ್ಮ ಅಭಿಪ್ರಾಯವಲ್ಲ. ತೆರಿಗೆಯ ವಕೀಲರಿದ್ದಾರೆ, ಇಲಾಖೆಯಲ್ಲಿ ಹೆಸರು ದಾಖಲಾದ ತೆರಿಗೆ ವೃತ್ತಿಗರಿದ್ದಾರೆ, 2006ರ ಯೋಜನೆಯಲ್ಲಿ ತರಬೇತಿ ಪಡೆದು ಸಣ್ಣ ಲೆಕ್ಕಗಳನ್ನು ಅಚ್ಚುಕಟ್ಟಾಗಿ ತುಂಬಿಕೊಟ್ಟವರಿದ್ದಾರೆ. ಅವರು ಯಾರು, ನಾಳೆ ಎಲ್ಲಿ ಸಿಗುತ್ತಾರೆ ಎಂಬುದು ಗೊತ್ತಿರಬೇಕು, ಅಷ್ಟೆ. ಜುಲೈಯಲ್ಲಿ ಸಿಗುವುದು ದೊಡ್ಡ ಮಾತಲ್ಲ. ನೋಟೀಸು ಬರುವ ನವೆಂಬರಿನಲ್ಲಿ, ಅದೂ ಎರಡು ವರ್ಷದ ಮೇಲಿನ ನವೆಂಬರಿನಲ್ಲಿ, ಸಿಗಬೇಕು.

“ಆಫೀಸರು ನಮಗೆ ಬೇಕಾದವರು, ಒಂದು ಮಾತು ಹೇಳಿದರೆ ಸಾಕು” ಎಂದು ಹೆಗಲು ತಟ್ಟುವವರೂ ಉಂಟು. ಈ ಮಾತಿಗೆ ಹಿಂದೆ ಏನು ಬೆಲೆಯಿತ್ತೋ ಕಾಣೆವು, ಈಗ ಇಲ್ಲ. ನಾವು ಚೆನ್ನೈಯಲ್ಲಿ ಕುಳಿತು ಕಳಿಸುವ ತಃಖ್ತೆ 2009ರಲ್ಲಿ ಆರಂಭವಾದ ಬೆಂಗಳೂರಿನ ಕೇಂದ್ರದಲ್ಲಿ ಯಂತ್ರದ ಮುಂದೆ ಹೋಗಿ ನಿಲ್ಲುತ್ತದೆ. 2020ರಿಂದ ಹೆಚ್ಚಿನ ಪರಿಶೀಲನೆಗಳನ್ನೂ ಮುಖ ಕಾಣದ ಅಧಿಕಾರಿಗಳು, ಯಾವ ಊರಿನಲ್ಲಿದ್ದಾರೆಂದು ನಮಗೆ ತಿಳಿಯದಂತೆ ನಡೆಸುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬುದು ನಮ್ಮ ಗಾದೆ. ಈಗ ಹೇಳಿಕೊಳ್ಳೋಣವೆಂದರೆ ಸುಂಕದವನ ಮುಖವೇ ಕಾಣುವುದಿಲ್ಲ. ಎಲ್ಲವೂ ಬರಹದಲ್ಲಿ ನಡೆಯುವುದರಿಂದ, ವಸೀಲಿ ಬಲ್ಲ ಆಡಿಟರಿಗಿಂತ ನಾಲ್ಕು ಸಾಲನ್ನು ಸ್ಪಷ್ಟವಾಗಿ ಬರೆಯಬಲ್ಲ ಆಡಿಟರು ಮೇಲು.

ನಮ್ಮವರೇ ಆಗಬೇಕೆ? ಸಂಘದ ಕಾರ್ಯಕ್ರಮಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ತಮಿಳು ಬಾರದ ತಾಯಿಯವರ ಲೆಕ್ಕಕ್ಕೆ ಕನ್ನಡ ಬಲ್ಲವರು ಸಿಕ್ಕರೆ ಸಂತೋಷ. ಆಕೆ ತಾವಾಗಿಯೇ ಕೇಳಿ ತಿಳಿದು ರುಜು ಹಾಕಬಹುದು. ಆದರೆ ನಮ್ಮ ಭಾಷೆಯವರು, ನಮ್ಮ ತಾಲ್ಲೂಕಿನವರು ಎಂಬುದೇ ಯೋಗ್ಯತಾಪತ್ರವಾಗಬಾರದು. ನೆಂಟರ ವಿಚಾರವಂತೂ ಇನ್ನೂ ಇಕ್ಕಟ್ಟು. ಭಾವಮೈದುನನೇ ಆಡಿಟರಾದರೆ ಅವನು ಸಂಭಾವನೆ ಕೇಳಲಾರ, ನಾವು ಕಾಗದದ ಪ್ರತಿ ಕೇಳಲಾರೆವು. ತಃಖ್ತೆ ಕೊನೆಯ ದಿನದವರೆಗೆ ಅವನ ಮೇಜಿನಲ್ಲಿ ಮಲಗಿರುತ್ತದೆ. ನಮ್ಮ ಠೇವಣಿಯ ಮೊತ್ತ ಮಾತ್ರ ದೀಪಾವಳಿಯ ಹೊತ್ತಿಗೆ ಬೀಗರ ಮನೆ ತಲುಪಿರುತ್ತದೆ!

ಸೋದರಿಯರಿಗೆ ಒಂದು ವಿಶೇಷ ವಿಜ್ಞಾಪನೆ. ಅನೇಕ ಮನೆಗಳಲ್ಲಿ ಯಜಮಾನರು ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟು, ಆಕೆಯ ಹೆಸರಿನಲ್ಲೊಂದು ತಃಖ್ತೆ ಸಲ್ಲಿಸಿ, ತೆರಿಗೆ ಉಳಿಯಿತೆಂದು ಹಿಗ್ಗುತ್ತಾರೆ. ಗಂಡ ಕೊಟ್ಟ ಹಣದಿಂದ ಹೆಂಡತಿಗೆ ಬರುವ ಬಡ್ಡಿಯನ್ನು ಗಂಡನ ವರಮಾನಕ್ಕೇ ಕೂಡಿಸಬೇಕೆಂದು ಕಾಯಿದೆಯಲ್ಲಿದೆ. ಇದನ್ನು ಹೇಳಿ ಯಜಮಾನರ ಹಿಗ್ಗನ್ನು ಕುಗ್ಗಿಸುವವರೇ ಒಳ್ಳೆಯ ಆಡಿಟರು. ನಿಮ್ಮ ಹೆಸರಿನಲ್ಲಿ ತಃಖ್ತೆ ಹೋಗುತ್ತಿದ್ದರೆ ಅದರ ಪ್ರತಿಯನ್ನು ತರಿಸಿ ನೋಡಿ. ಆಡಿಟರ ಮನೆಗೆ ಒಮ್ಮೆಯಾದರೂ ನೀವೂ ಹೋಗಿ. ಯಜಮಾನರು ಇದ್ದಕ್ಕಿದ್ದಂತೆ ಇಲ್ಲವಾದಾಗ ಯಾವ ಬ್ಯಾಂಕಿನಲ್ಲಿ ಏನಿತ್ತೆಂದು ಹೇಳಬಲ್ಲವರು ಆ ಒಬ್ಬರೇ ಆಗಿದ್ದ ಮನೆಗಳನ್ನು ಕಂಡಿದ್ದೇವೆ. ಅವರ ಮುಖಪರಿಚಯವೂ ಇಲ್ಲದೆ ಆ ಹೊತ್ತಿನಲ್ಲಿ ಅವರ ಬಾಗಿಲು ತಟ್ಟುವುದು ಕಷ್ಟ.

ಯಾರನ್ನು ಆರಿಸಿಕೊಂಡರೂ ಕೆಲವನ್ನು ಕೈಬಿಡಬಾರದು. ಇಲಾಖೆಯ ಜಾಲತಾಣದಲ್ಲಿರುವ ದೂರವಾಣಿಯೂ ಇ-ಮೇಲೂ ನಮ್ಮದೇ ಆಗಿರಬೇಕು. ಚಾರ್ಟರ್ಡ್ ಅಕೌಂಟೆಂಟರನ್ನು ನಮ್ಮ ಪರವಾಗಿ ಸೇರಿಸಿಕೊಳ್ಳಲು ಅಲ್ಲಿಯೇ ಏರ್ಪಾಡಿರುವುದರಿಂದ ಗುಪ್ತಪದ ಒಪ್ಪಿಸಬೇಕಾಗಿಲ್ಲ. ಸಲ್ಲಿಸುವ ಮುನ್ನ ಕರಡನ್ನು ತರಿಸಿ, ಕಡಿತಗಳ ಪುಟವನ್ನು ಬೆರಳಿಟ್ಟು ಓದಬೇಕು. ನಾವು ಕೊಡದ ದಾನ, ಕಟ್ಟದ ವಿಮೆ ಅಲ್ಲಿ ಕಂಡರೆ ಅಲ್ಲಿಯೇ ತಡೆಯಬಹುದು. ಸಲ್ಲಿಸಿದ 30 ದಿನದೊಳಗೆ ನಮ್ಮ ದೃಢೀಕರಣವಾಗದಿದ್ದರೆ ಸಲ್ಲಿಸಿದ್ದು ಸಲ್ಲದಂತಾಗುತ್ತದೆ. ಇದನ್ನು ಆಡಿಟರೂ ಮರೆಯುತ್ತಾರೆ, ನಾವೂ ಮರೆಯುತ್ತೇವೆ.

ಹಳೆಯ ಪದ್ಧತಿ, ಹೊಸ ಪದ್ಧತಿ ಎಂಬ ಎರಡು ದಾರಿಗಳಾದ ಮೇಲೆ ಎರಡರ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಹಾಕಿ ತೋರಿಸಿರೆಂದು ಕೇಳುವುದು ನಮ್ಮ ಹಕ್ಕು. 2025-26ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ತೆರಿಗೆ ಬೀಳದಂತೆ ರಿಯಾಯಿತಿ ಇದೆ. ಸಂಬಳಗಾರರಿಗೆ 75,000ದ ಕಡಿತವೂ ಸೇರಿ ಅದು 12,75,000 ಆಗುತ್ತದೆ. ಆ ಪದ್ಧತಿಯಲ್ಲಿ ದೇಣಿಗೆ, ವಿಮೆ, ಬಾಡಿಗೆ ಭತ್ಯ ಮುಂತಾದ ಕಡಿತಗಳು ಬಹುತೇಕ ಇಲ್ಲದಿರುವುದರಿಂದ ಸುಳ್ಳು ಬರೆಯುವವರಿಗೆ ಮಾರಲು ಸರಕೇ ಕಡಮೆ. ನಮ್ಮ ದೃಷ್ಟಿಯಲ್ಲಿ ಅದರ ದೊಡ್ಡ ಗುಣ ಇದು. ಆದರೆ ತೆರಿಗೆ ಇಲ್ಲವೆಂದ ಮಾತ್ರಕ್ಕೆ ತಃಖ್ತೆ ಬೇಡವೆಂದಲ್ಲ: ಆ ಸಾಲಿನಲ್ಲಿ 4 ಲಕ್ಷ ಮೀರಿದವರು ಸಲ್ಲಿಸಬೇಕು. ಷೇರು ಮಾರಿ ಬಂದ ಲಾಭಕ್ಕೆ ಈ ರಿಯಾಯಿತಿ ಹೊಂದುವುದೂ ಇಲ್ಲ. 1961ರ ಕಾಯಿದೆಯ ಬದಲಿಗೆ 2025ರಲ್ಲಿ 536 ಕಲಮುಗಳ ಹೊಸ ಕಾಯಿದೆಯಾಗಿ, 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತಾಯಿತು. ನಮೂನೆಗಳೂ ಕಲಮುಗಳೂ ಹೊಸ ಅಂಕಿ ತೊಟ್ಟಾಗ ಹಳೆಯದನ್ನು ಬಾಯಿಪಾಠ ಮಾಡಿದವರಿಗೂ ಮತ್ತೆ ಪುಸ್ತಕ ತೆಗೆಯದೆ ವಿಧಿಯಿಲ್ಲ. ಹೊಸದನ್ನು ಓದಿದ್ದೀರಾ ಎಂದು ಆಡಿಟರನ್ನು ನಗುನಗುತ್ತಲೇ ಕೇಳಬಹುದು.

ಹೋಗುವ ಕಾಲವೂ ಮುಖ್ಯ. ಜುಲೈ ಕೊನೆಯ ವಾರದಲ್ಲಿ ಯಾವ ಆಡಿಟರೂ ತಲೆಯೆತ್ತಿ ಮಾತಾಡಲಾರರು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ವ್ಯಾಪಾರಿಗಳ ಲೆಕ್ಕಪರಿಶೋಧನೆಯ ಭರಾಟೆ. ಹೊಸಬರನ್ನು ಕಂಡು ಮಾತಾಡುವುದಕ್ಕೆ ಪೊಂಗಲ್ ಹಬ್ಬ ಕಳೆದ ವಾರ ಸೊಗಸಾದ ಸಮಯ. ಕಛೇರಿಯವರು ಉಳಿತಾಯದ ದಾಖಲೆಗಳನ್ನು ಕೇಳುವುದೂ ಆ ಹೊತ್ತಿಗೇ. ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿರುವುದರಿಂದ ಅವರು ಹೇಳಿದ್ದನ್ನು ನಡೆಸಲು ಅವಕಾಶವಿರುತ್ತದೆ. ಹಿಂದಿನ ಎರಡು ವರ್ಷದ ತಃಖ್ತೆಗಳು, ಪಾಸ್ ಪುಸ್ತಕಗಳು, ಊರಿನ ಪಹಣಿ, ತಾಯಿಯವರ ಪಿಂಚಣಿಯ ಕಾಗದ ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು, ಸಂಜೆ ಆರರ ಮೇಲೆ, ಮನೆಯವರೊಡನೆ ಹೋಗಿ.